ನಮ್ಮ ತುಪ್ಪ ತಿಂದ ಎದುರು ಪೈಲ್ವಾನ

ನನ್ನ ಅಡುಗೆಮನೆಯ ಅಟ್ಟದ ಮೇಲೆ ಈಗಲೂ ಒಂದು ಹಿತ್ತಾಳೆ ಡಬ್ಬಿ ಇದೆ. ಎರಡು ಸೇರು ತುಪ್ಪ ಹಿಡಿಯುತ್ತದೆ. ಒಂದು ಕಡೆ ನಗ್ಗಿದೆ. ಮದುವೆಯಲ್ಲಿ ಅಣ್ಣ ಕೊಟ್ಟದ್ದು. ಆಗಿನ ಪದ್ಧತಿಯಂತೆ ಕೊಟ್ಟವರ ಹೆಸರು, ಪಡೆದವರ ಹೆಸರು, ಎರಡೂ ಊರಿನ ಹೆಸರು ಎಲ್ಲವನ್ನೂ ಅದರ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದಾನೆ. ಮೊಮ್ಮಕ್ಕಳು, "ಅಜ್ಜಿ, ಇದನ್ನ ಗುಜರಿಗೆ ಹಾಕೋಣ" ಎನ್ನುತ್ತಾರೆ. ಹಾಕಿ ನೋಡಿ, ನಿಮ್ಮನ್ನೇ ಗುಜರಿಗೆ ಹಾಕ್ತೀನಿ ಎನ್ನುತ್ತೇನೆ ನಾನು. ಈ ಡಬ್ಬಿ ಇಲ್ಲದೆ ಹೋಗಿದ್ದರೆ ಅವರ ಅಮ್ಮ ಎಲ್ಲಿ, ಯಾರ ಕೈಯಲ್ಲಿ ಹುಟ್ಟುತ್ತಿದ್ದಳೋ ಆ ಶಿವನಿಗೇ ಗೊತ್ತು.

ನನ್ನ ತವರು ಅರಸೀಕೆರೆ. ಅಣ್ಣನದು ಅಲ್ಲಿ ಕೊಬ್ಬರಿ ಮಂಡಿ. ಅಪ್ಪ ಹೋದ ಮೇಲೆ ಮಂಡಿಯನ್ನೂ, ಅವ್ವನನ್ನೂ, ನನ್ನನ್ನೂ ಹೆಗಲ ಮೇಲೆ ಹೊತ್ತವನು ಅವನೇ. ನನ್ನನ್ನು ಕೊಟ್ಟದ್ದು ಹಳೇಬೀಡಿಗೆ. ಯಜಮಾನರು ಅಲ್ಲಿನ ಸ್ಕೂಲಿನಲ್ಲಿ ಮೇಷ್ಟ್ರು. ಎಲ್ಲರ ಮದುವೆಯೂ ಜಾತಕ ನೋಡಿ ನಿಶ್ಚಯವಾದರೆ ನನ್ನದು ಕುಸ್ತಿ ನೋಡಿ ನಿಶ್ಚಯವಾಯಿತು. ಬೇಲೂರಿನಲ್ಲಿ ಯಾವುದೋ ಕುಸ್ತಿಗೆ ಹೋಗಿದ್ದ ಅಣ್ಣನ ಪಕ್ಕದಲ್ಲಿ ಇವರು ಕೂತಿದ್ದರಂತೆ. ಒಂದೇ ಪೊಟ್ಟಣದ ಕಡಲೆಕಾಯಿ ಬಿಡಿಸಿಕೊಂಡು ತಿನ್ನುತ್ತಾ, ಆ ಪಟ್ಟು ಸರಿ, ಈ ಪಟ್ಟು ತಪ್ಪು ಎಂದು ಕಿತ್ತಾಡಿ, ಕುಸ್ತಿ ಮುಗಿಯುವ ಹೊತ್ತಿಗೆ ಅಣ್ಣ, "ನಿಮಗೆ ಮದುವೆ ಆಗೈತೇನ್ರೀ?" ಎಂದು ಕೇಳಿದನಂತೆ. ಹುಡುಗ ಹೇಗೆ ಎಂದು ಅವ್ವ ವಿಚಾರಿಸಿದಾಗ ಅಣ್ಣ ಕೊಟ್ಟ ಉತ್ತರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಕುಸ್ತಿ ಬಗ್ಗೆ ಒಳ್ಳೇ ತಿಳಿವಳಿಕೆ ಐತೆ ಕಣವ್ವ." ನೋಡಿ, ಇಷ್ಟು ಸಾಕಾಯಿತು ನನ್ನನ್ನು ಧಾರೆ ಎರೆಯುವುದಕ್ಕೆ.

ಮದುವೆಯಾದ ಮೇಲೆ ಅವರು ಇವನಿಗೆ ಭಾವ, ಇವನು ಅವರಿಗೆ ಭಾವ. ವಾರಕ್ಕೊಂದು ಕಾಗದ ಬರೆದುಕೊಳ್ಳುತ್ತಿದ್ದರು. ಒಡೆದು ನೋಡಿದರೆ ನನ್ನ ಕ್ಷೇಮ ಒಂದು ಸಾಲು, ಉಳಿದದ್ದೆಲ್ಲ ಕುಸ್ತಿ.

ಸೇರು ಹೋಗಿ ಕಿಲೋ ಬಂದ ಹೊಸತು ಅದು. ನಮ್ಮ ಸೀಮೆಯಲ್ಲಿ ಟಿಕೆಟ್ ಕುಸ್ತಿಯ ಕಾಲ. ಗೋಣಿತಾಟಿನ ಬೇಲಿ ಕಟ್ಟಿ, ನಡುವೆ ಕೆಮ್ಮಣ್ಣು ಸುರಿದು ಹದ ಮಾಡಿ, ಬಾಗಿಲಲ್ಲಿ ಟಿಕೆಟ್ ಹರಿದು ಒಳಗೆ ಬಿಡುತ್ತಿದ್ದರು. ವಾರ ಮೊದಲೇ ಜಟಕಾದಲ್ಲಿ ತಮಟೆ ಬಡಿಯುತ್ತಾ ಬಣ್ಣದ ಕಾಗದದ ನೋಟೀಸು ಎಸೆದುಕೊಂಡು ಹೋಗುತ್ತಿದ್ದರು. ಯಜಮಾನರು ಆ ನೋಟೀಸುಗಳನ್ನು ತಂದು ನನ್ನ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸುತ್ತಿದ್ದರು. ಸೀರೆ ತೆಗೆಯೋಣವೆಂದು ಮುಚ್ಚಳ ಎತ್ತಿದರೆ ಸಾಕು, ಲಂಗೋಟಿ ಕಟ್ಟಿಕೊಂಡ ಇಬ್ಬರು ಗಂಡಸರು ಮೀಸೆ ತಿರುವಿಕೊಂಡು ನನ್ನನ್ನೇ ದಿಟ್ಟಿಸುತ್ತಿದ್ದರು.

ಆ ಇಬ್ಬರಲ್ಲಿ ಒಬ್ಬ ಹಳೇಬೀಡಿನ ಪೈಲ್ವಾನ. ಹುಟ್ಟಿದ್ದು ಪಕ್ಕದ ಹುಲಿಕೆರೆಯಲ್ಲಿ. ಇನ್ನೊಬ್ಬ ಅರಸೀಕೆರೆ ಪೈಲ್ವಾನ. ಇಬ್ಬರಿಗೂ ಕುಸ್ತಿಯೇ ಕಸುಬು, ಹೊಲ ಮನೆ ಎಂದು ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅಂಥವರ ಮೈಯನ್ನು ಊರೇ ಸಾಕಬೇಕು. ಪೈಲ್ವಾನರ ಊಟಕ್ಕೆ ಖುರಾಕು ಎನ್ನುತ್ತಿದ್ದರು. ಊರಿನ ಅಭಿಮಾನಿಗಳು ಆ ಖುರಾಕನ್ನು ಮನೆ ಮನೆಗೆ ಹಂಚಿಕೊಳ್ಳುತ್ತಿದ್ದರು. ಒಂದು ಮನೆಯ ಹಾಲು, ಒಂದು ಮನೆಯ ರಾಗಿ, ಇನ್ನೊಂದು ಮನೆಯ ಬೆಲ್ಲ. ಹಳೇಬೀಡಿನಲ್ಲಿ ತುಪ್ಪದ ಪಾಳಿಯನ್ನು ಯಜಮಾನರು ಎದೆ ತಟ್ಟಿ ವಹಿಸಿಕೊಂಡು ಬಂದರು. ತುಪ್ಪ ಕಾಯಿಸುವವಳು ನಾನು, ಎಮ್ಮೆ ಕರೆಯುವವರು ಅತ್ತೆ. ಎದೆ ತಟ್ಟಿಕೊಂಡವರು ಮಾತ್ರ ಅವರು! ಅರಸೀಕೆರೆಯಲ್ಲಿ ಬಾದಾಮಿಯ ಪಾಳಿ ಯಾರದು ಎಂದು ಬೇರೆ ಹೇಳಬೇಕಾಗಿಲ್ಲ, ನಮ್ಮಣ್ಣನದೇ.

ಮೊದಲ ಸಲ ಇಬ್ಬರು ಪೈಲ್ವಾನರೂ ಎದುರಾದದ್ದು ಬೇಲೂರಿನಲ್ಲಿ. ಹಳೇಬೀಡಿನವನು ಗೆದ್ದ. ಅಣ್ಣ ನಗುತ್ತಲೇ ಒಪ್ಪಿಕೊಂಡ. ಮರುವರ್ಷ ಅರಸೀಕೆರೆಯಲ್ಲಿ ಜೋಡಿ ಕಟ್ಟಿದರು. ನನಗೆ ಆಗ ಐದು ತಿಂಗಳು. ಕುಸ್ತಿ ನೋಡಲು ಯಜಮಾನರು, ಅವ್ವನ ಕೈಯಡುಗೆ ತಿನ್ನಲು ನಾನು, ಇಬ್ಬರೂ ತವರಿಗೆ ಹೋದೆವು. ಮಧ್ಯಾಹ್ನ ಊಟ ಮಾಡಿ ಭಾವಂದಿರಿಬ್ಬರೂ ಒಂದೇ ಕೊಡೆ ಹಿಡಿದುಕೊಂಡು ಹೊರಟರು. ಸಂಜೆ ನಾನೂ ಅವ್ವನೂ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ನೋಡಿದರೆ ರಸ್ತೆಯ ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು ಬರುತ್ತಿದ್ದಾರೆ. ಕೊಡೆ ಇಬ್ಬರ ಕೈಯಲ್ಲೂ ಇಲ್ಲ.

ಅಣ್ಣನ ಪೈಲ್ವಾನ ಗೆದ್ದಿದ್ದ. ಗೆದ್ದನೇ ಇಲ್ಲವೇ ಎನ್ನುವುದೇ ಜಗಳ. ಕುಸ್ತಿಯಲ್ಲಿ ಬಿದ್ದವನ ಎರಡು ಭುಜವೂ ಮಣ್ಣಿಗೆ ತಾಗಿದರೆ ಮಾತ್ರ ಸೋಲು. ಹಳೇಬೀಡಿನವನ ಎಡ ಭುಜ ತಾಗಿತು ಎಂದು ತೀರ್ಪುಗಾರರು ಸೀಟಿ ಊದಿದ್ದಾರೆ. ತಾಗಲಿಲ್ಲ ಎಂದು ಯಜಮಾನರು ಬೇಲಿ ಹಾರಿ ಒಳಗೆ ನುಗ್ಗಿದ್ದಾರೆ. ಸ್ಕೂಲು ಮೇಷ್ಟ್ರು, ಪಂಚೆ ಉಟ್ಟವರು, ಬೇಲಿ ಹಾರಿದ್ದಾರೆ! ಜಗಲಿ ಹತ್ತಿದ ಮೇಲೂ ಅದೇ ಮಾತು ಮುಂದುವರಿಯಿತು.

"ನನ್ನ ಕಣ್ಣಾರೆ ನೋಡಿದೀನಿ ಭಾವ, ಒಂದು ಬೆರಳು ಸಂದು ಇತ್ತು ಭುಜಕ್ಕೂ ಮಣ್ಣಿಗೂ."

"ನಿಮ್ಮೂರ ಗುಡೀಲಿ ಕೈ ಮುರಿದಿದ್ದು, ಕಾಲು ಮುರಿದಿದ್ದು ಎಷ್ಟೊಂದು ಗೊಂಬೆ ನಿಂತವೆ ಭಾವ. ಅವುಗಳ ಸಾಲಲ್ಲೇ ನಿಮ್ಮ ಪೈಲ್ವಾನನ್ನೂ ನಿಲ್ಲಿಸಿ, ನೋಡೋಕೆ ಬಂದವರು ಕೈ ಮುಗಿದು ಹೋಗ್ಲಿ" ಎಂದ ಅಣ್ಣ.

ಹಳೇಬೀಡಿನವರು ತಮ್ಮ ಗುಡಿಯ ವಿಷಯದಲ್ಲಿ ಹಾಸ್ಯ ಸಹಿಸುವುದಿಲ್ಲ. ಯಜಮಾನರ ಮುಖ ಕೆಂಪಗಾಯಿತು. ಎದುರು ಮನೆಯವರು, ಪಕ್ಕದ ಮಂಡಿಯವರು ಎಲ್ಲ ಕೇಳುತ್ತಿರುವಾಗ ದನಿ ಎತ್ತಿ ಹೇಳಿಬಿಟ್ಟರು. "ನಿಮ್ಮ ಪೈಲ್ವಾನನೂ ಅಷ್ಟೇ, ನಿಮ್ಮ ಮಂಡಿ ಕೊಬ್ಬರಿಯೂ ಅಷ್ಟೇ. ಮೇಲೆ ನೋಡೋಕೆ ಗಟ್ಟಿ, ಒಡೆದರೆ ಕಮಟು!"

ಅವ್ವನ ಕೈಯಿಂದ ಅವರೆಕಾಯಿ ಬಿತ್ತು. ಕೊಬ್ಬರಿ ವ್ಯಾಪಾರಿಯನ್ನು ಕಳ್ಳ ಎನ್ನಿ, ಸಹಿಸಿಕೊಂಡಾನು. ಕಮಟು ಕೊಬ್ಬರಿ ಎನ್ನುವುದುಂಟೇ, ಅದೂ ಅರಸೀಕೆರೆಯಲ್ಲಿ, ಮಂಡಿ ಬೀದಿಯಲ್ಲಿ ನಿಂತುಕೊಂಡು! ಅಣ್ಣ ಮೆಲ್ಲಗೆ, "ಕಮಟು ಅಂದ ಬಾಯಿ ಇರೋ ಮನೆ ಹೊಸಲು ನಾನಿನ್ನು ತುಳಿಯಲ್ಲ" ಎಂದ. ಯಜಮಾನರು, "ಭುಜ ತಾಗಿಲ್ಲ ಅಂತ ಒಪ್ಪಿಕೊಳ್ಳೋವರೆಗೂ ಈ ಮನೆಗೆ ನನ್ನ ಹೆಂಡತಿ ಬರಲ್ಲ" ಎಂದರು. ಅಲ್ಲಿಂದಲೇ ನನ್ನನ್ನು ಎಬ್ಬಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟರು. ಬಾಣಾವರ ದಾಟುವವರೆಗೂ ನಾನು ಅಳುತ್ತಲೇ ಇದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತಾ ತಮ್ಮ ಭುಜವನ್ನೇ ಸೀಟಿಗೆ ಒತ್ತಿ, ಎತ್ತಿ, ಒತ್ತಿ, ಎತ್ತಿ ಪರೀಕ್ಷೆ ಮಾಡುತ್ತಿದ್ದರು.

ಇದರಲ್ಲಿ ಸಿಕ್ಕಿಕೊಂಡವಳು ನಾನು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಹಾಗೆಂದು ಹೆಣ್ಣುಮಗಳು ತಾನಾಗಿ ಗಂಟು ಕಟ್ಟಿಕೊಂಡು ಹೋಗುವಂತಿಲ್ಲ. ತವರಿನ ಗಂಡುದಿಕ್ಕು ಬಂದು, ಮಡಿಲು ತುಂಬಿಸಿ, ಕರೆದುಕೊಂಡು ಹೋಗಬೇಕು. ನನಗಿದ್ದ ಗಂಡುದಿಕ್ಕು ಅಣ್ಣ ಒಬ್ಬನೇ. ಅವನು ಈ ಹೊಸಲು ತುಳಿಯುವುದಿಲ್ಲ, ಇವರು ನನ್ನನ್ನು ಹೊಸಲು ದಾಟಿಸುವುದಿಲ್ಲ. ಅತ್ತೆಗೆ ಕಣ್ಣಿಗೆ ಪೊರೆ ಬಂದಿತ್ತು, ಬಾಣಂತನ ಮಾಡುವ ಶಕ್ತಿ ಇರಲಿಲ್ಲ. ನನಗೆ ಹೆದರಿಕೆಯಾಗುತ್ತಿತ್ತು. ಮುಚ್ಚುಮರೆ ಏಕೆ, ನನಗೆ ಅವ್ವ ಬೇಕಾಗಿತ್ತು.

ಯಜಮಾನರಿಗೆ ಇದರ ಪರಿವೆಯೇ ಇರಲಿಲ್ಲ. ಅವರು ಇನ್ನೊಂದು ಶಪಥ ಮಾಡಿದ್ದರು. ಹಳೇಬೀಡಿನ ಪೈಲ್ವಾನ ಮತ್ತೆ ಗೆಲ್ಲುವವರೆಗೂ ತಮ್ಮ ತಟ್ಟೆಗೆ ತುಪ್ಪ ಬೀಳಕೂಡದು! ಎರಡೆಮ್ಮೆಗಳಲ್ಲಿ ಒಂದು ಬತ್ತಿಹೋಗಿತ್ತು. ಮಾದಿಹಳ್ಳಿಯಿಂದ ತಂದ ಇನ್ನೊಂದರ ತುಪ್ಪ ಅಷ್ಟೂ ಗರಡಿಮನೆಗೆ. ಹದಿನೈದು ದಿನಕ್ಕೊಮ್ಮೆ ಆ ಹಿತ್ತಾಳೆ ಡಬ್ಬಿ ತುಂಬಿಸಿ, ಪಂಚೆಯ ತುದಿಯಲ್ಲಿ ಒರೆಸಿ, ದೇವರ ಪ್ರಸಾದ ಹಿಡಿದುಕೊಂಡ ಹಾಗೆ ಎರಡು ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು. ಮುಂದಿನ ಸಲಕ್ಕೆ ಖಾಲಿ ಡಬ್ಬಿ ಗರಡಿಯಿಂದ ಮನೆಗೆ ತಿರುಗಿ ಬರುತ್ತಿತ್ತು.

"ಬಸುರಿ ಹೆಂಗಸಿಗೆ ಒಂದು ತೊಟ್ಟು ತುಪ್ಪ ಬ್ಯಾಡವೇನೋ? ಹೊಟ್ಟೇಲಿರೋದು ನಿನ್ನ ಕೂಸೋ, ಆ ಪೈಲ್ವಾನಂದೋ?" ಎಂದು ಅತ್ತೆ ಒಂದು ದಿನ ಕೇಳಿಯೇಬಿಟ್ಟರು.

"ಅವ್ವಾ, ಇನ್ನೊಂದು ಕುಸ್ತಿ. ಒಂದೇ ಒಂದು" ಎಂದರು ಯಜಮಾನರು. ಅತ್ತೆ ಅವರ ಬೆನ್ನ ಹಿಂದೆ ನನ್ನ ರೊಟ್ಟಿಯೊಳಗೆ ಬೆಣ್ಣೆ ಮುದ್ದೆ ಬಚ್ಚಿಟ್ಟು ಕೊಡುತ್ತಿದ್ದರು. ಕಣ್ಣು ಸರಿಯಾಗಿ ಕಾಣದಿದ್ದರೂ ಆ ಕೆಲಸದಲ್ಲಿ ಅವರ ಕೈ ಒಮ್ಮೆಯೂ ತಪ್ಪಲಿಲ್ಲ.

ಏಳು ತುಂಬಿ ಎಂಟಕ್ಕೆ ಬಿತ್ತು. ಅರಸೀಕೆರೆಯಿಂದ ಸುದ್ದಿಯಿಲ್ಲ, ಕಾಗದವಿಲ್ಲ. ಒಂದು ದಿನ ಬೆಳಿಗ್ಗೆ ಯಜಮಾನರು ಸ್ಕೂಲಿಗೆ ಹೋದ ಮೇಲೆ ಬಾಗಿಲಲ್ಲಿ ಒಬ್ಬ ಬಸ್ ಕಂಡಕ್ಟರ್ ನಿಂತಿದ್ದ. ಹೊಸ ಮುಖ. ಅವನ ಕೈಯಲ್ಲಿ ನಮ್ಮ ಹಿತ್ತಾಳೆ ಡಬ್ಬಿ!

"ಅಕ್ಕಾರೆ, ಮಾಮೂಲಿ ಬರೋ ಕಂಡಕ್ಟರು ರಜಾ ಹಾಕವ್ರೆ. ಅರಸೀಕೆರೆ ಗರಡಿಯೋರು ಇದನ್ನ ಹಳೇಬೀಡಲ್ಲಿ ಕೊಡಪ್ಪ ಅಂದ್ರು. ಯಾರಿಗೆ ಅನ್ನೋ ಹೊತ್ಗೆ ಬಸ್ಸು ಹೊರಟುಬಿಡ್ತು. ನೋಡಿದ್ರೆ ಡಬ್ಬಿ ಮೇಲೆ ಮೇಷ್ಟ್ರ ಹೆಸರು ಕೊರೆದೈತೆ. ಅದಕ್ಕೇ ಕೇಳ್ಕೊಂಡು ಇಲ್ಲಿಗೇ ತಂದೆ" ಎಂದ.

ನಾನು ಏನೂ ತಿಳಿಯದೆ ಡಬ್ಬಿ ಇಸಿದುಕೊಂಡೆ. ಹಗುರವಾಗಿರಲಿಲ್ಲ. ಮುಚ್ಚಳ ತೆಗೆದೆ. ಅರ್ಧದವರೆಗೆ ಬಾದಾಮಿ. ಅದರ ಮೇಲೆ ಎರಡು ಗೋಟು ಕೊಬ್ಬರಿ, ಅಂದರೆ ಚಿಪ್ಪಿನೊಳಗೇ ಒಣಗಿ ಬಿಡಿಸಿಕೊಂಡ ಇಡೀ ಗುಂಡು. ಒಂದೊಂದಕ್ಕೂ ಕಾವಿಯಲ್ಲಿ ಸಣ್ಣದೊಂದು ಬೊಟ್ಟು.

ಆ ಬೊಟ್ಟು ನನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು! ಮಂಡಿಗೆ ಬಂದ ರಾಶಿಯಲ್ಲಿ ಸಿಹಿಯಾದ ಗೋಟುಗಳನ್ನು ಆರಿಸಿ, ಕಾವಿ ಬೊಟ್ಟಿಟ್ಟು, ಮಾರಾಟಕ್ಕೆ ಸೇರಿಸಬೇಡಿ, ಇವು ಮನೆಗೆ ಎಂದು ಅಣ್ಣ ಎತ್ತಿಡುತ್ತಿದ್ದ. ನಾನು ಅವನ್ನು ತಿಂದೇ ಬೆಳೆದವಳು. ಒಂದೊಂದಾಗಿ ಎಲ್ಲ ಅರ್ಥವಾಗತೊಡಗಿತು. ನಮ್ಮ ತುಪ್ಪ ಈ ಡಬ್ಬಿಯಲ್ಲಿ ಅರಸೀಕೆರೆಗೆ ಹೋಗುತ್ತಿದೆ. ಅಣ್ಣನ ಬಾದಾಮಿ ಇದೇ ಡಬ್ಬಿಯಲ್ಲಿ ಹಳೇಬೀಡಿಗೆ ಬರುತ್ತಿದೆ. ನಾನು ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ, ಮೆಂತ್ಯದ ಕಾಳು, ವೀಳ್ಯದೆಲೆ ಹಾಕಿ ಕಾಯಿಸಿದ ತುಪ್ಪ ತಿಂದು ಆ ಎದುರು ಪೈಲ್ವಾನ ನಮ್ಮವನ ಭುಜವನ್ನು ಮಣ್ಣಿಗೆ ಒತ್ತಿದ್ದಾನೆ! ನಗು ಬಂತು. ಹಿಂದೆಯೇ ಸಿಟ್ಟು ನೆತ್ತಿಗೇರಿತು. ಅಣ್ಣನ ಮೇಲೂ ಸಿಟ್ಟು ಬಂತು. ಮನೆಗೆಂದು ಬೊಟ್ಟಿಟ್ಟ ಗೋಟನ್ನು ಪೈಲ್ವಾನನಿಗೆ ಕೊಡುತ್ತಾನೆ, ತಂಗಿಗೆ ಒಂದು ಕಾಗದ ಬರೆಯುವುದಿಲ್ಲ.

ಎರಡು ಗೋಟನ್ನೂ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು, ಬಾದಾಮಿಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗರಡಿಮನೆಗೆ ಹೊರಟೆ. ಗರಡಿಯೊಳಗೆ ಹೆಂಗಸರು ಕಾಲಿಡುವಂತಿಲ್ಲ. ಅದೂ ಎಂಟು ತಿಂಗಳ ಬಸುರಿ. ನಾನು ಕಾಲಿಡಲಿಲ್ಲ. ಬಾಗಿಲಿಗೆ ಅಡ್ಡ ನಿಂತು, "ಪೈಲ್ವಾನ್ರೇ, ಸ್ವಲ್ಪ ಹೊರಗೆ ಬನ್ನಿ" ಎಂದು ಕೂಗಿದೆ.

ಮೈಯೆಲ್ಲ ಕೆಮ್ಮಣ್ಣು ಮೆತ್ತಿಕೊಂಡ ಆ ದೈತ್ಯ, ತಲೆ ತಾಗದ ಹಾಗೆ ಬಗ್ಗಿ ಹೊರಗೆ ಬಂದ. ನನ್ನನ್ನು ನೋಡಿದ, ಡಬ್ಬಿಯನ್ನು ನೋಡಿದ. ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಮೇಷ್ಟ್ರಿಗೆ ಹೇಳ್ಬ್ಯಾಡಿ ತಾಯಿ."

"ಹೇಳೋದು ಬಿಡೋದು ಆಮೇಲೆ. ಇದೇನಿದು ಹೇಳಿ. ನಮ್ಮನೆ ತುಪ್ಪ ಅರಸೀಕೆರೆಗೆ ಯಾಕೆ ಹೋಗುತ್ತೆ?"

"ನಾವಿಬ್ರೂ ಒಬ್ಬನೇ ಉಸ್ತಾದನ ಕೈಲಿ ಕಲ್ತೋರು ಕಣವ್ವ. ಒಂದೇ ತಟ್ಟೇಲಿ ಉಂಡೋರು. ಇಲ್ಲಿ ತುಪ್ಪ ಐತೆ, ಬಾದಾಮಿ ಇಲ್ಲ. ಅಲ್ಲಿ ಬಾದಾಮಿ ಐತೆ, ತುಪ್ಪ ಇಲ್ಲ. ಅರ್ಧ ಅವನಿಗೆ, ಅರ್ಧ ನಂಗೆ. ಕುಸ್ತಿ ನಮ್ ಹೊಟ್ಟೆಪಾಡು. ಅವನ ಮೈ ಗಟ್ಟಿ ಇದ್ರೇನೇ ನನ್ ಕುಸ್ತಿಗೆ ಜನ ಬರೋದು. ಸೊಣಕಲನ ಮೇಲೆ ಗೆದ್ರೆ ಯಾರು ಟಿಕೇಟ್ ತಗೋತಾರೆ?"

"ಮತ್ತೆ ಆ ಜಗಳ?"

"ಜಗಳ ನಿಮ್ ಮನೆಯೋರದು ತಾಯಿ, ನಮ್ದಲ್ಲ" ಎಂದ ಅವನು ಬಹಳ ಮರ್ಯಾದೆಯಿಂದ.

ಅಲ್ಲಿಯವರೆಗೆ ಸಿಟ್ಟಿನಲ್ಲೇ ನಿಂತಿದ್ದವಳಿಗೆ ಆ ಮಾತು ಕೇಳಿದ್ದೇ ಅಳು ಒತ್ತಿ ಬಂತು. ಗರಡಿ ಬಾಗಿಲಲ್ಲಿ ನಿಂತು ಅತ್ತೆ. ನಿಮ್ಮ ಒಂದು ಭುಜದ ದೆಸೆಯಿಂದ ನನಗೆ ತವರು ತಪ್ಪಿಹೋಯಿತು, ಇನ್ನೊಂದು ತಿಂಗಳಲ್ಲಿ ಹೆರಿಗೆ, ಅಣ್ಣ ಬರುವುದಿಲ್ಲ, ಇವರು ಕಳಿಸುವುದಿಲ್ಲ ಎಂದು ಎಲ್ಲ ಹೇಳಿಕೊಂಡೆ. ಆ ಪೈಲ್ವಾನ ಎಷ್ಟೋ ಜನರನ್ನು ಎತ್ತಿ ಒಗೆದಿದ್ದಾನು, ಅಳುವ ಬಸುರಿಯ ಮುಂದೆ ಮಾತ್ರ ಕೈಕಾಲು ಆಡದೆ ಕೂತಿದ್ದ. ಕೊನೆಗೆ, "ನೀವು ಮನೆಗೆ ಹೋಗಿ ತಾಯಿ. ನಮ್ಮಿಂದ ಆದದ್ದು, ನಾವೇ ನೋಡ್ತೀವಿ" ಎಂದು ಬಾದಾಮಿಯ ಡಬ್ಬಿ ಇಸಿದುಕೊಂಡ. ಡಬ್ಬಿಯಲ್ಲಿ ಕೊಬ್ಬರಿ ಇರಲಿಲ್ಲವೇ ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದು ಗೋಟನ್ನು ಅತ್ತೆಗೂ ಕಾಣದಂತೆ ಚೂರು ಚೂರೇ ಕಡಿದು ತಿಂದೆ. ಇನ್ನೊಂದನ್ನು ತುರಿದು ಕೊಬ್ಬರಿ ಮಿಠಾಯಿ ಮಾಡಿದೆ. ಯಜಮಾನರು ಸ್ಕೂಲಿನಿಂದ ಬಂದು ನಾಲ್ಕು ತಿಂದು, ಐದನೆಯದಕ್ಕೆ ಕೈ ಹಾಕುತ್ತಾ, "ಎಲ್ಲಿಂದ ಬಂತೇ ಈ ಕೊಬ್ಬರಿ? ಎಷ್ಟು ಸಿಹಿ!" ಎಂದರು.

"ಕಮಟು ಇಲ್ಲ ತಾನೇ?" ಎಂದೆ.

ಅವರ ಕೈ ತಟ್ಟೆಯ ಮೇಲೆಯೇ ನಿಂತಿತು. ನನ್ನನ್ನು ನೋಡಿದರು. ನಾನು ಮೋಟುಗೋಡೆಯ ಕಡೆ ನೋಡಿದೆ. ಅವರು ಐದನೆಯದನ್ನೂ ತಿಂದು ಎದ್ದು ಹೋದರು.

ಎಂಟನೆಯ ತಿಂಗಳಲ್ಲಿ ಬಸುರಿಯನ್ನು ಎಲ್ಲಿಗೂ ಕಳಿಸುವುದಿಲ್ಲ. ಅದು ಕಳೆದು ಒಂಬತ್ತಕ್ಕೆ ಬಿದ್ದು ಮೂರೋ ನಾಲ್ಕೋ ದಿನ ಆಗಿತ್ತು. ಭಾನುವಾರ. ಬೆಳಗಿನ ಬಸ್ಸು ಬಂದು ನಿಂತ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಬೀದಿಯ ಜನವೆಲ್ಲ ಬಾಗಿಲಿಗೆ ಬಂದರು. ಬೀದಿಯ ನಡುವೆ ಇಬ್ಬರು ಪೈಲ್ವಾನರೂ ಅಕ್ಕಪಕ್ಕದಲ್ಲಿ ನಡೆದುಕೊಂಡು ಬರುತ್ತಿದ್ದಾರೆ! ಬಿಳಿ ಜುಬ್ಬ, ತಲೆಗೆ ಜರಿ ರುಮಾಲು. ಹಳೇಬೀಡಿನವನ ಕೈಯಲ್ಲಿ ಹಿತ್ತಾಳೆ ಡಬ್ಬಿ. ಅರಸೀಕೆರೆಯವನ ಕೈಯಲ್ಲಿ ಮೊರ. ಆ ಮೊರದ ತುಂಬ ಅಕ್ಕಿ, ಬೆಲ್ಲ, ಹಸಿರು ಬಳೆ, ಕುಪ್ಪಸದ ಕಣ. ಅವ್ವ ಕಳಿಸಿದ ಮಡಿಲಕ್ಕಿ ಎಂದು ನೋಡಿದ ಕೂಡಲೇ ಗೊತ್ತಾಯಿತು.

ಜಗಲಿಯ ಮೇಲೆ ಪೇಪರು ಓದುತ್ತಿದ್ದ ಯಜಮಾನರು ಎದ್ದು ನಿಂತರು. ತಮ್ಮ ಪೈಲ್ವಾನ ತಮ್ಮ ಶತ್ರುವಿನ ಜೊತೆ ಬಂದಿದ್ದಾನೆ!

ಅರಸೀಕೆರೆ ಪೈಲ್ವಾನ ಮೊರವನ್ನು ಇಳಿಸಿ ಕೈ ಮುಗಿದ. "ಮೇಷ್ಟ್ರೇ, ನಿಮ್ ಭಾವ ಈ ಹೊಸಲು ತುಳಿಯಲ್ಲ ಅಂತ ಮಾತಾಡವ್ರೆ. ನಾನು 'ತುಳೀತೀನಿ' ಅಂದೆ. ಒಂದು ವರ್ಷದಿಂದ ಈ ತಾಯಿ ಕಾಯಿಸಿದ ತುಪ್ಪ ತಿಂದಿವ್ನಿ. ಈ ಮನೆ ಹೆಣ್ಣುಮಗಳಿಗೆ ನಾನೂ ಅಣ್ಣನೇ. ಕರ್ಕೊಂಡ್ ಹೋಗೋಕೆ ಬಂದಿವ್ನಿ. ಕಳಿಸಿಕೊಡಿ."

"ಯಾವ ತುಪ್ಪ?" ಎಂದರು ಯಜಮಾನರು.

ನಮ್ಮ ಪೈಲ್ವಾನ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ಕೇಳುತ್ತಾ ಕೇಳುತ್ತಾ ಯಜಮಾನರ ಮುಖದಲ್ಲಿ ಯಾವ ಯಾವ ಬಣ್ಣ ಬಂದು ಹೋಯಿತು ಎಂದು ಹೇಳಲಾರೆ. ಪಾಪ, ಒಂದು ವರ್ಷ ತುಪ್ಪದ ಪಾಳಿ ಹೊತ್ತವರು, ನಾಲ್ಕು ತಿಂಗಳು ಒಣ ಮುದ್ದೆ ನುಂಗಿದವರು. ಆದರೂ ಅವರು ಕೇಳಿದ್ದು ತುಪ್ಪದ ಮಾತನ್ನಲ್ಲ.

"ಅದೆಲ್ಲ ಇರಲಿ. ಇಬ್ಬರೂ ಇಲ್ಲೇ ಇದೀರಿ. ಬಸವಣ್ಣನ ಆಣೆಗೂ ನಿಜ ಹೇಳಿ. ಭುಜ ತಾಗಿತ್ತೋ, ಇಲ್ಲವೋ?"

"ತಾಗಿತ್ತು ಮೇಷ್ಟ್ರೇ" ಎಂದ ಸೋತವನು.

"ತಾಗಿರ್ಲಿಲ್ಲ ಮೇಷ್ಟ್ರೇ" ಎಂದ ಗೆದ್ದವನು, ಅದೇ ಉಸಿರಿಗೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸುಮ್ನಿರ್ಲಾ, ತಾಗಿತ್ತು, ನನ್ ಭುಜ ನಂಗೊತ್ತಿಲ್ವಾ?" ಎಂದು ಇವನು. "ಒತ್ತಿದೋನು ನಾನು ಕಣ್ಲಾ, ಮಣ್ಣು ಸಿಕ್ಕಿರ್ಲಿಲ್ಲ" ಎಂದು ಅವನು. ಯಜಮಾನರು ಜಗಲಿಯ ಮೇಲೆ ಕೂತುಬಿಟ್ಟರು. ಬೀದಿಯವರೆಲ್ಲ ನಕ್ಕರು. ಒಳಗಿನಿಂದ ಅತ್ತೆ, "ಯಾವನ ಭುಜವಾದರೂ ಹಾಳಾಗಲಿ, ನಮ್ಮ ಸೊಸೆಗೆ ಮಡಿಲು ತುಂಬಿಸ್ರಪ್ಪ ಮೊದಲು, ಬಸ್ಸು ಹೊರಟುಹೋಗುತ್ತೆ" ಎಂದು ಕೂಗಿದರು. ಕಳಿಸುವುದಿಲ್ಲ ಎಂದಿದ್ದವರು ಎದ್ದು ಒಳಗೆ ಹೋಗಿ ನನ್ನ ಟ್ರಂಕು ಎತ್ತಿಕೊಂಡು ಬಂದರು.

ಬಸ್ಸು ಹತ್ತುವಾಗ ಹಳೇಬೀಡಿನ ಪೈಲ್ವಾನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. "ಇದು ಕಡೇ ಡಬ್ಬಿ ತುಪ್ಪ ತಾಯಿ. ನೀವು ಗರಡಿ ಬಾಗಿಲಿಗೆ ಬಂದ್ಮೇಲೆ ನಮ್ಮಿಬ್ರಿಗೂ ಗಂಟಲಲ್ಲಿ ಇಳೀಲಿಲ್ಲ. ನಿಮ್ ಬಾಣಂತನಕ್ಕಾಗ್ಲಿ" ಎಂದ. ಅವರ ಮೈಯೇ ಅವರ ಬಂಡವಾಳ, ಆ ತುಪ್ಪ ಅವರ ಅನ್ನ. ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡೆ.

ಒಳಗೆ ಹತ್ತಿ ನೋಡುತ್ತೇನೆ, ಮುಂದಿನ ಸೀಟಿನಲ್ಲಿ ಅಣ್ಣ! ಬೆಳಗಿನಿಂದ ಅಲ್ಲೇ ಕೂತಿದ್ದಾನೆ. ಮೈಯೆಲ್ಲ ಬೆವರು.

"ಹೊಸಲು ತುಳಿಯಲ್ಲ ಅಂದಿದ್ದೆ ನೋಡು, ಬಸ್ಸಿಂದ ಇಳಿದೇ ಇಲ್ಲ" ಎಂದ, ದೊಡ್ಡ ಸಾಧನೆ ಮಾಡಿದವನ ಹಾಗೆ. ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ಕೆಳಗಿನಿಂದ ಯಜಮಾನರು ಹಾಸಿಗೆ ಸುರುಳಿಯನ್ನು ಕಿಟಕಿಯಲ್ಲಿ ಒಳಗೆ ತಳ್ಳಿದರು. ಅಣ್ಣ ಎಳೆದುಕೊಂಡ. ಒಬ್ಬರು ಹಾಸಿಗೆಯ ಆ ತುದಿಯನ್ನು ನೋಡುತ್ತಿದ್ದರು, ಇನ್ನೊಬ್ಬರು ಈ ತುದಿಯನ್ನು. ಡ್ರೈವರ್ ಹಾರನ್ ಒತ್ತಿದ. ಬಸ್ಸು ಅಲುಗಿದ ಮೇಲೆ ಯಜಮಾನರು ಜೊತೆಗೇ ನಾಲ್ಕು ಹೆಜ್ಜೆ ನಡೆಯುತ್ತಾ, "ಭಾವ, ಕೊಬ್ಬರಿ ಕಮಟಿರಲಿಲ್ಲ" ಎಂದರು.

ಅಣ್ಣ ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಮತ್ತೆ ಭುಜ?" ಎಂದು ಕೂಗಿದ.

"ಭುಜದ ಮಾತು ಬೇರೆ!" ಎಂದು ಅವರೂ ಕೂಗಿದರು.

ಅಣ್ಣ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಊರು ದಾಟಿದ ಮೇಲೆ ನನ್ನ ಮಡಿಲಲ್ಲಿದ್ದ ಡಬ್ಬಿಯ ಮೇಲೆ ಕೈಯಾಡಿಸಿದ. ಕೊರೆಸಿದ ಹೆಸರುಗಳ ಮೇಲೆ ಬೆರಳು ಓಡಿಸಿದ.

"ಜಗಳ ಆದ ಹೊಸದರಲ್ಲಿ ಇದನ್ನ ನಮ್ಮೂರ ಗರಡೀಲಿ ನೋಡಿದ ದಿವಸವೇ ನಂಗೆ ಗೊತ್ತಾಯ್ತು ಕಣವ್ವ. ನಾನು ಕೊರೆಸಿದ್ದು ನಂಗೆ ತಿಳಿಯಲ್ವಾ? ತುಪ್ಪ ಮೂಸಿ ನೋಡ್ದೆ, ವೀಳ್ಯದೆಲೆ ವಾಸನೆ. ನಿಂದೇ."

"ಗೊತ್ತಿದ್ದೂ ಸುಮ್ಮನಿದ್ಯಾ? ಒಂದು ಕಾಗದ ಬರೀಬಾರದಾಗಿತ್ತಾ?" ಎಂದು ಜಗಳ ತೆಗೆದೆ.

"ಮಾತು ಆಡಿಬಿಟ್ಟಿದ್ನಲ್ಲ. ಹೆಂಗ್ ಬರೀಲಿ? ಪ್ರತೀ ಸಲವೂ ಬೊಟ್ಟಿಟ್ಟ ಗೋಟು ಎರಡು ಮೇಲೆ ಹಾಕಿ ಕಳಿಸ್ತಿದ್ದೆ. ಡಬ್ಬಿ ತಿರುಗಿ ನಿನ್ನ ಮನೆಗೇ ಹೋಗ್ಬೇಕಲ್ಲ, ಯಾವತ್ತಾದ್ರೂ ಒಂದು ಸಲ ನಿನ್ನ ಕೈಗೆ ಸಿಕ್ಕೀತು ಅಂತ."

ನಾಲ್ಕು ತಿಂಗಳು. ಹದಿನೈದು ದಿನಕ್ಕೊಮ್ಮೆ ಎರಡೆರಡು ಗೋಟು. ಅಷ್ಟನ್ನೂ ಆ ಹಳೇಬೀಡಿನ ಪೈಲ್ವಾನ ಏನೂ ತಿಳಿಯದೆ ಕಟಕಟನೆ ಕಡಿದು ತಿಂದಿದ್ದಾನೆ. ನಾನು ಅಣ್ಣನ ತೋಳಿಗೆ ತಲೆ ಒರಗಿಸಿ, ಬಸ್ಸಿನಲ್ಲಿದ್ದವರೆಲ್ಲ ನೋಡುತ್ತಿದ್ದರೂ ನಾಚಿಕೆಯಿಲ್ಲದೆ ಅತ್ತೆ.

"ಸಿಗಲೇ ಇಲ್ವೇನೇ, ಒಂದೂ?" ಎಂದ ಅಣ್ಣ ಗಾಬರಿಯಿಂದ.

"ಒಂದು ಸಲ ಎರಡೂ ಸಿಕ್ಕಿದವು" ಎಂದೆ. "ಒಂದು ನಾನು ತಿಂದೆ. ಇನ್ನೊಂದನ್ನ ನಿನ್ನ ಭಾವ ತಿಂದರು."